ಒಂಬತ್ತು ವರ್ಷದ ಗಿರಾಕಿ

ನಮ್ಮ ಕಂಪನಿಯ ಸಭೆಗಳಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ. ತೀರ್ಮಾನವೆಲ್ಲ ಮೊದಲೇ ಮೆಟ್ಟಿಲ ಮೇಲೆ, ನೂಡಲ್ಸ್ ಅಂಗಡಿಯಲ್ಲಿ, ಸಿಗರೇಟು ಸೇದುವ ಮೂಲೆಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ಮಾತಾಡಿ ಮುಗಿದಿರುತ್ತದೆ. ಸಭೆ ಎನ್ನುವುದು ಎಲ್ಲರೂ ಒಟ್ಟಿಗೆ ಕೂತು ತಲೆಯಾಡಿಸುವ ಶಾಸ್ತ್ರ ಅಷ್ಟೆ. ಒಸಾಕಾದ ಕಸುಮೊರಿ ಆಟಿಕೆ ಕಂಪನಿಯ ಯೋಜನಾ ವಿಭಾಗದಲ್ಲಿ ಕೂದಲು ನರೆಯುವವರೆಗೂ ತಲೆಯಾಡಿಸಿದವಳು ನಾನು. ಹೆಸರು ಉರಾನೊ. ಹಾಗಾಗಿ ಆ ವಸಂತದ ಸಭೆಯಲ್ಲಿ ಇಬ್ಬರು ಗಂಡಸರು ಎಲ್ಲರೆದುರೇ ವಾದಕ್ಕೆ ನಿಂತಾಗ, ಚಹಾದ ಬಟ್ಟಲು ಕೆಳಗಿಟ್ಟು ನೆಟ್ಟಗೆ ಕೂತೆ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಹೊಸ ವಿಡಿಯೋ ಗೇಮ್ ಯಂತ್ರಗಳನ್ನು ಮಾರುಕಟ್ಟೆಗೆ ತರುತ್ತಿದ್ದವು. ನೀರಿನ ಪಿಸ್ತೂಲು, ಬುಗುರಿ, ಬೊಂಬೆ ಅಡುಗೆಮನೆ ಮಾಡಿಕೊಂಡು ಹೊಟ್ಟೆ ಹೊರೆದ ನಮಗೂ ಆ ಹುಚ್ಚು ಹತ್ತಿತು. ಯಂತ್ರ ಅರ್ಧ ತಯಾರಾಗಿತ್ತು. ಅದಕ್ಕೆ ‘ತಂಪೊಪೊ’ ಎಂದು ಹೆಸರಿಟ್ಟಿದ್ದೂ ಆಗಿತ್ತು. ರಸ್ತೆ ಬದಿ ಬಿರುಕಿನಲ್ಲಿ ಅರಳುವ ಹಳದಿ ಹೂವಿನ ಹೆಸರು. ಇನ್ನುಳಿದಿದ್ದು ಒಂದೇ ಪ್ರಶ್ನೆ, ಇದನ್ನು ಯಾರಿಗೆ ಮಾರುವುದು.

ನಮ್ಮ ಯಜಮಾನರದು ಒಂದು ಕಟ್ಟುನಿಟ್ಟಿನ ಪದ್ಧತಿ. ಮಕ್ಕಳಿಗೆ, ಯುವಕರಿಗೆ, ಕುಟುಂಬಕ್ಕೆ ಎಂದೆಲ್ಲ ಹೇಳಿದರೆ ಅವರು ಕೇಳಿಸಿಕೊಳ್ಳುವುದಿಲ್ಲ. ಯಾವುದೇ ಆಟಿಕೆ ಮಾಡುವ ಮೊದಲು ಅದನ್ನು ಕೊಳ್ಳುವ ಒಬ್ಬರೇ ಒಬ್ಬರನ್ನು ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸಬೇಕು. ಆ ಒಬ್ಬರಿಗಾಗಿ ಮೇಜಿನ ತುದಿಯಲ್ಲಿ ಒಂದು ಖಾಲಿ ಕುರ್ಚಿ ಇರುತ್ತದೆ. ಅದಕ್ಕೆ ಗಿರಾಕಿಯ ಕುರ್ಚಿ ಎಂದೇ ಹೆಸರು. ಅದರ ಮುಂದೆಯೂ ಚಹಾ ಇಡಬೇಕು. ಹೊಸಬರು ನಗುತ್ತಾರೆ, ಆಮೇಲೆ ಅವರೇ ಚಹಾ ಇಡುತ್ತಾರೆ.

ಮಾರಾಟದ ಮುಖ್ಯಸ್ಥ ಕುಜುಮಿ ಮೊದಲು ಎದ್ದ. ದಪ್ಪ ಕತ್ತು, ಗಟ್ಟಿ ಗಂಟಲು, ಎದುರಿಗಿದ್ದವರ ಮಾತು ಮುಗಿಯುವ ತನಕ ಕಾಯುವ ಅಭ್ಯಾಸವಿಲ್ಲದ ಮನುಷ್ಯ.

“ಇಪ್ಪತ್ತೆರಡು ವರ್ಷದ ಹುಡುಗ. ಮೊದಲನೇ ಕೆಲಸ, ಮೊದಲನೇ ಬೋನಸ್ಸು, ಒಂಟಿ ಕೋಣೆ. ಹುಡುಗಿ ಸಿಕ್ಕಿಲ್ಲ, ಸಿಗೋದೂ ಇಲ್ಲ. ಅವನಿಗೆ ಕಪ್ಪು ಪೆಟ್ಟಿಗೆ ಬೇಕು, ಕಾರು ಓಟ ಬೇಕು, ಬಂದೂಕು ಬೇಕು. ದುಡ್ಡಿರೋದು ಅವನ ಹತ್ರ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?”

ಎಲ್ಲರೂ ತಲೆಯಾಡಿಸಿದರು. ಆಗ ಯಂತ್ರದ ವಿನ್ಯಾಸ ಮಾಡಿದ ಮಿನೊಬೆ ಮೆಲ್ಲಗೆ ಹೇಳಿದರು, “ಒಂಬತ್ತು ವರ್ಷದ ಹುಡುಗಿ.”

ಮಿನೊಬೆ ಬಗ್ಗೆ ಹೇಳಬೇಕು. ನಲವತ್ತೈದರ ಆಸುಪಾಸು, ಸಣಕಲು ದೇಹ, ತೋಳಿನ ಮೇಲೆ ಸದಾ ಬೆಸುಗೆಯ ಸುಟ್ಟ ಗುರುತು. ಸಭೆಯಲ್ಲಿ ಬಾಯಿ ತೆರೆದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಕಾರಿಡಾರಿನಲ್ಲಿ ಎದುರು ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವ ಸ್ವಭಾವ.

“ಹುಡುಗಿನಾ?” ಕುಜುಮಿ ನಕ್ಕ. “ಹೆಣ್ಮಕ್ಕಳು ಬೊಂಬೆಗೆ ತಲೆ ಬಾಚ್ತಾವೆ ಕಣ್ರೀ. ಗುಂಡಿ ಒತ್ತಿ ರಾಕ್ಷಸನ್ನ ಹೊಡಿಯೋದು ಅವುಕ್ಕೆ ಬೇಕಾ?”

“ಶಾಲೆಯಿಂದ ಬರುವಾಗ ಮನೇಲಿ ಯಾರೂ ಇರಲ್ಲ,” ಮಿನೊಬೆ ಖಾಲಿ ಕುರ್ಚಿಯ ಕಡೆ ನೋಡುತ್ತ ಮುಂದುವರಿಸಿದರು. “ಬೀಗದ ಕೈ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿರ್ತಾರೆ. ಎಡಗೈಯವಳು. ಅಜ್ಜಿ ಬಂದಾಗೆಲ್ಲ ಆ ಕೈಗೆ ಬಟ್ಟೆ ಸುತ್ತಿ ಕಟ್ಟಿಬಿಡ್ತಾಳೆ, ಬಲಗೈ ಅಭ್ಯಾಸ ಆಗ್ಲಿ ಅಂತ. ಅದಕ್ಕೇ ಗುಂಡಿ ಒತ್ತೋ ಹಿಡಿಕೆ ತಿರುಗಿಸಿ ಹಿಡಿದ್ರೂ ಆಡೋ ಹಾಗಿರಬೇಕು. ಚಿಕ್ಕದಾಗಿರಬೇಕು. ಸೋತ್ರೆ ಅಳಲ್ಲ ಅವಳು. ಮೂಗಿನ ಹೊಳ್ಳೆ ಅರಳಿಸಿ ಒಂದು ಸಲ ಉಸಿರು ಎಳ್ಕೋತಾಳೆ, ಮತ್ತೆ ಮೊದಲಿಂದ ಶುರು ಮಾಡ್ತಾಳೆ.”

ಕುಜುಮಿಯ ಹುಡುಗ ಯಾರೂ ಆಗಿರಬಹುದಿತ್ತು. ಈ ಹುಡುಗಿ ಮಾತ್ರ ನಿಜವಾಗಿಯೂ ಆ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕಣ್ಣು ಮುಚ್ಚಿದ್ದ ಯಜಮಾನರು “ಹೂಂ” ಎಂದರು. ಅವರ ‘ಹೂಂ’ಗೆ ಒಪ್ಪಿಗೆ ಎಂದೂ ಅರ್ಥ, ನಿದ್ದೆ ಎಂದೂ ಅರ್ಥ. ಸಭೆ ಅಲ್ಲಿಗೆ ಮುಗಿಯಿತು. ಎಲ್ಲರೂ ಹೊರಟ ಮೇಲೆ ಮಿನೊಬೆ ಖಾಲಿ ಕುರ್ಚಿಯ ಮೇಲೆ ಎರಡು ದಿಂಬು ಪೇರಿಸಿಟ್ಟು, ಮೇಜಿನ ಎತ್ತರಕ್ಕೆ ಸರಿಹೋಗುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು.

ಮಾರನೆಯ ದಿನ ಮಧ್ಯಾಹ್ನ ಮತ್ಸುಯಾಮಾಚಿ ಬೀದಿಯ ಉದೊನ್ ನೂಡಲ್ಸ್ ಅಂಗಡಿಯಲ್ಲಿ ಅವರ ಎದುರಿನ ಸ್ಟೂಲಿನಲ್ಲೇ ಹೋಗಿ ಕೂತೆ. ನನಗೆ ಸುತ್ತಿ ಬಳಸಿ ಮಾತಾಡುವುದು ಬರುವುದಿಲ್ಲ. ಅದರಿಂದಲೇ ನನಗೆ ಬಡ್ತಿಯೂ ಬರಲಿಲ್ಲ.

“ಅವಳ ಹೆಸರೇನು ಮಿನೊಬೆಯವ್ರೇ?”

“ಯಾರದ್ದು?”

“ನೀವು ಎರಡು ದಿಂಬು ಹಾಕಿದ್ರಲ್ಲ, ಅವಳದ್ದು.”

ಅವರು ಬಟ್ಟಲೊಳಗೆ ನೋಡಿದರು. ಸಾರಿನ ಮೇಲೆ ತೇಲುತ್ತಿದ್ದ ಕರಿದ ತೋಫುವಿನ ತುಂಡನ್ನು ಕಡ್ಡಿಯಿಂದ ಅತ್ತಿತ್ತ ಸರಿಸಿದರು. “ಚಿನಾಮಿ,” ಎಂದರು.

ನಾನು ಕೇಳದೆಯೇ ಉಳಿದದ್ದೂ ಹೊರಬಂತು. ಗಂಡ ಹೆಂಡತಿ ಬೇರೆಯಾಗಿದ್ದರು. ಮಗಳು ತಾಯಿಯ ಜೊತೆ ಹೋದಳು. ತಾಯಿ ಎರಡನೆಯ ಮದುವೆಯಾದ ಮೇಲೆ ಮಗಳ ಮನೆಹೆಸರೂ ಬದಲಾಯಿತು. ನಮ್ಮಲ್ಲಿ ಹೀಗೆಯೇ. ಮಗು ಒಬ್ಬರ ಮನೆಗೆ ಹೋದರೆ ಇನ್ನೊಬ್ಬರು ಮರೆಯಾಗಬೇಕು. ಮರೆಯಾಗದೆ ಬಾಗಿಲು ತಟ್ಟುವವನನ್ನು ಜನ ಸ್ವಾರ್ಥಿ ಎನ್ನುತ್ತಾರೆ, ಬಾಯಿ ಮುಚ್ಚಿಕೊಂಡು ಇದ್ದವನನ್ನು ಒಳ್ಳೆಯ ತಂದೆ ಎನ್ನುತ್ತಾರೆ. ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದು ನನಗೆ ಅನ್ನಿಸುತ್ತದೆ, ಆದರೆ ನನ್ನನ್ನು ಯಾರೂ ಕೇಳುವುದಿಲ್ಲ.

“ಮಗು ಮನಸ್ಸು ಕದಡಬಾರದು ಅಂತ ಎಲ್ರೂ ಹೇಳಿದ್ರು,” ಎಂದರು ಮಿನೊಬೆ. “ನಾನೂ ಹಾಗೇ ಹೇಳ್ದೆ. ಇನ್ಮೇಲೆ ಭೇಟಿ ಮಾಡಲ್ಲ ಅನ್ನೋ ಕಾಗದಕ್ಕೆ ಮುದ್ರೆ ಒತ್ತಿಬಿಟ್ಟೆ.”

“ಈಗೆಷ್ಟು ವರ್ಷ ಅವಳಿಗೆ?”

ಅವರು ಲೆಕ್ಕ ಹಾಕಿದರು. ಬೇರೆ ಯಾರದೋ ಮಗಳ ವಯಸ್ಸು ಕೇಳಿದಂತೆ ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. “ಹದಿನೈದು.”

“ಹದಿನೈದರ ಹುಡುಗಿಗೆ ಒಂಬತ್ತರ ಆಟಿಕೆ ಯಾಕ್ರೀ ಮಾಡ್ತಿದ್ದೀರಾ?”

“ನನ್ನ ಹತ್ರ ಇರೋದು ಒಂಬತ್ತರ ತನಕದ ಚಿನಾಮಿ ಮಾತ್ರ ಉರಾನೊ ಅವ್ರೇ. ಮುಂದಿನವಳನ್ನ ನಾನು ನೋಡೇ ಇಲ್ಲವಲ್ಲ.” ಆಮೇಲೆ, ನಾಚಿಕೊಂಡವರ ಹಾಗೆ, “ನಾನು ಹೋಗಿ ನೋಡೋ ಹಾಗಿಲ್ಲ. ಅವಳು ಬರಬಹುದು. ಇದನ್ನ ಒಂದು ಸಲ ಕೈಲಿ ಹಿಡಿದ್ರೆ ಸಾಕು, ಅಪ್ಪ ಮಾಡಿದ್ದು ಅಂತ ಗೊತ್ತಾಗುತ್ತೆ ಅವಳಿಗೆ. ಬಂದೇ ಬರ್ತಾಳೆ.”

ಅಂಗಡಿಯವಳು ಸಾರು ಆರಿಹೋಯಿತೆಂದು ಗೊಣಗಿದಳು. ಇಡೀ ಕಂಪನಿಯ ಭವಿಷ್ಯವನ್ನು ಒಬ್ಬ ತಂದೆ ಮಗಳನ್ನು ಕರೆಯುವ ಕೂಗನ್ನಾಗಿ ಮಾಡಿಕೊಂಡಿದ್ದ. ವ್ಯವಹಾರ ಬಲ್ಲವರು ಇದನ್ನು ಹುಚ್ಚು ಎನ್ನುತ್ತಾರೆ. ನಾನೂ ವ್ಯವಹಾರ ಬಲ್ಲವಳೇ. ಆದರೂ ಅವತ್ತೇ ಮಧ್ಯಾಹ್ನದಿಂದ ಅವರ ಪರವಾಗಿ ಮೇಜಿನಿಂದ ಮೇಜಿಗೆ ತಿರುಗಲು ಶುರು ಮಾಡಿದೆ.

ಲೆಕ್ಕಪತ್ರದ ಮುಖ್ಯಸ್ಥರಿಗೆ ಮೂವರು ಹೆಣ್ಣುಮಕ್ಕಳು. ಅವರನ್ನು ಒಪ್ಪಿಸಲು ಒಂದು ಪೊಟ್ಟಣ ಬೀನ್ಸ್ ಸಿಹಿಯೂ ಬೇಕಾಗಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕರಿಗೆ ಯಾರಿಗೆ ಮಾರಿದರೂ ಒಂದೇ, ಹಳದಿ ಪ್ಲಾಸ್ಟಿಕ್ಕು ಹಳೆಯ ಬಾತುಕೋಳಿ ಆಟಿಕೆಯದು ಮಿಕ್ಕಿದೆ ಎಂಬುದಷ್ಟೇ ಅವರ ಚಿಂತೆ. ಕೊನೆಗೆ ಉಳಿದವನು ಕುಜುಮಿ. ಅವನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದೆ.

“ನಿಮ್ಮ ಇಪ್ಪತ್ತೆರಡರ ಹುಡುಗನ ಮನೆ ಮುಂದೆ ದೊಡ್ಡ ಕಂಪನಿಯವರೆಲ್ಲ ಸಾಲು ನಿಂತಿದ್ದಾರೆ. ಅವರ ಹಿಂದೆ ಹೋಗಿ ನಿಂತು ಕತ್ತು ಉದ್ದ ಮಾಡ್ತೀರಾ? ಒಂಬತ್ತರ ಹುಡುಗಿ ಮನೆ ಮುಂದೆ ಒಂದು ನಾಯಿನೂ ಇಲ್ಲ.”

“ನಾಯಿ ಇಲ್ಲದ ಕಡೆ ಮೂಳೆನೂ ಇರಲ್ಲ ಉರಾನೊ ಅವ್ರೇ.” ಅವನು ಕಿಸಕ್ಕನೆ ನಕ್ಕ. “ನಿಮಗೆ ಯಾಕೆ ಇನ್ನೂ ಮದುವೆ ಆಗಿಲ್ಲ ಅಂತ ಈಗ ಗೊತ್ತಾಯ್ತು.”

“ನಿಮ್ಮಂಥವರನ್ನ ದಿನಾ ಆಫೀಸಲ್ಲಿ ನೋಡ್ತಿದ್ನಲ್ಲ, ಅದಕ್ಕೇ.”

ಅವನು ಜೋರಾಗಿ ನಕ್ಕುಬಿಟ್ಟ. ನಗಿಸಿದವರ ಮಾತನ್ನು ಒಸಾಕಾದ ಗಂಡಸು ತಳ್ಳಿಹಾಕುವುದಿಲ್ಲ. ಮುಂದಿನ ವರ್ಷದ ಯಂತ್ರ ಅವನ ಇಷ್ಟದಂತೆ ಕಪ್ಪಗಿರಲಿ ಎಂದು ಮಾತಾಯಿತು. ಮುಂದಿನ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಯಜಮಾನರು ಗಿರಾಕಿಯ ಕುರ್ಚಿಯ ಮುಂದಿನ ಚಹಾವನ್ನು ತೆಗೆಸಿ ಹಾಲು ಇಡಿಸಿದರು.

ಬೇಸಿಗೆಯೆಲ್ಲ ಮಿನೊಬೆ ಆ ಹಿಡಿಕೆಯನ್ನೇ ತಿದ್ದಿದರು. ಮೊದಲು ಮೇಣದಲ್ಲಿ, ಆಮೇಲೆ ಮರದಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ. ಒಂಬತ್ತು ವರ್ಷದ ಮಕ್ಕಳ ಕೈ ಅಳತೆಯ ಸರಾಸರಿ ತಂದುಕೊಟ್ಟರೆ ಬೇಡವೆಂದರು. ಕಣ್ಣು ಮುಚ್ಚಿ, ತಮ್ಮ ಅಂಗೈಯೊಳಗೆ ಇನ್ನೊಂದು ಕೈ ಇದೆಯೆನ್ನುವಂತೆ ಬೆರಳು ಮಡಿಸಿ, “ಇಷ್ಟು,” ಎನ್ನುತ್ತಿದ್ದರು. ರಸ್ತೆ ದಾಟುವಾಗ ಹಿಡಿದ ಕೈಯ ಅಳತೆ ಅದು. ಕೊನೆಗೆ ತಯಾರಾದ ಹಿಡಿಕೆ ಅವರದೇ ಕೈಗೆ ಕೂರುತ್ತಿರಲಿಲ್ಲ. ಎಂಜಿನಿಯರುಗಳು ಬೈದುಕೊಂಡು ಒಳಗಿನ ತಂತಿಗಳನ್ನು ಅಷ್ಟರಲ್ಲೇ ತುರುಕಿದರು.

ಜಾಹೀರಾತಿನ ಮಾತನ್ನೂ ಅವರೇ ಬರೆದರು. ನಾವು ಜಾಹೀರಾತಿನವರಿಗೆ ದುಡ್ಡು ಸುರಿದು ಬರೆಸಿದ್ದೆಲ್ಲ ಕಸದ ಬುಟ್ಟಿಗೆ ಹೋಯಿತು. ಹಳದಿ ಹಾಳೆಯ ನಡುವೆ ಆ ಪುಟ್ಟ ಹಿಡಿಕೆ, ಅದರ ಕೆಳಗೆ ಎರಡು ಸಾಲು: ‘ಇದನ್ನು ಒಬ್ಬಳೇ ಒಬ್ಬ ಹುಡುಗಿಗಾಗಿ ಮಾಡಿದೆವು. ಅವಳಿಗೆ ಒಂಬತ್ತು ವರ್ಷ.’ ಶರತ್ಕಾಲದಲ್ಲಿ ಒಸಾಕಾದಿಂದ ಕೋಬೆಯವರೆಗೆ ಎಲ್ಲ ರೈಲು ನಿಲ್ದಾಣಗಳ ಗೋಡೆಗೂ ಅದು ಏರಿತು. ತಾಯಂದಿರು ನಿಂತು ಓದುತ್ತಿದ್ದರು. ಕುಜುಮಿ ಕೂಡ ಬಾಯಿ ಚಪ್ಪರಿಸಿದ.

ನಾನು ಮಾತ್ರ ಆ ಪೋಸ್ಟರಿನ ‘ಒಂಬತ್ತು’ ಎಂಬಲ್ಲಿಗೆ ಬಂದಾಗಲೆಲ್ಲ ನಿಂತುಬಿಡುತ್ತಿದ್ದೆ. ಒಂದು ಸಂಜೆ ನಿಲ್ದಾಣದಲ್ಲಿ ಮಿನೊಬೆ ಜೊತೆಗಿದ್ದಾಗ ಕೇಳಿಯೇಬಿಟ್ಟೆ. “ಇದನ್ನ ಹದಿನೈದು ವರ್ಷದ ಹುಡುಗಿ ಓದಿದ್ರೆ ಏನನ್ಸುತ್ತೆ?”

“ನಮ್ಮಪ್ಪ ನನ್ನನ್ನ ಮರೆತಿಲ್ಲ ಅನ್ಸುತ್ತೆ,” ಎಂದರು. ಅವರ ಮುಖ ಎಷ್ಟು ತಿಳಿಯಾಗಿತ್ತೆಂದರೆ ಮುಂದಿನ ಮಾತು ನನ್ನ ಬಾಯಲ್ಲೇ ಉಳಿಯಿತು. ರೈಲು ಬಂತು, ಹತ್ತಿದೆವು.

ಮಾರಾಟದ ವಿಷಯ ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಕುಜುಮಿ ಅದನ್ನು ಇವತ್ತಿಗೂ ಎತ್ತಿ ಆಡುವುದರಿಂದ. ತಂಪೊಪೊ ಡಿಸೆಂಬರಿನಲ್ಲಿ ಚೆನ್ನಾಗಿಯೇ ಹೋಯಿತು. ಹೊಸವರ್ಷ ಕಳೆದ ಮೇಲೆ ನಿಂತುಹೋಯಿತು. ಹೆಣ್ಣುಮಕ್ಕಳಿಗೆ ಬೇಸರವಾಗಿರಲಿಲ್ಲ, ಅವರಿಗೆಂದು ಹೊಸ ಆಟ ಬರೆಯಲು ಬೇರೆ ಯಾವ ಕಂಪನಿಯೂ ಮುಂದೆ ಬರಲಿಲ್ಲ. ಎಲ್ಲರೂ ಇಪ್ಪತ್ತೆರಡರ ಹುಡುಗನ ಬಾಗಿಲಲ್ಲೇ ಇದ್ದರು. ಕಪ್ಪು ಯಂತ್ರದ ಸರದಿ ಬರಲೇ ಇಲ್ಲ, ನಾವು ಬುಗುರಿಗೆ ಮರಳಿದೆವು. ಅದು ಕಂಪನಿಯ ಕತೆ. ನಾನು ಹೇಳಹೊರಟಿದ್ದು ಮಾರಾಟ ಶುರುವಾದ ದಿನದ ಕತೆ.

ಅದು ಶನಿವಾರ. ಉಮೆದಾ ಪೇಟೆಯ ದೊಡ್ಡ ಮಳಿಗೆಯ ಆರನೆಯ ಮಹಡಿ, ಆಟಿಕೆ ವಿಭಾಗ. ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಚಳಿಯಲ್ಲಿ ಸಾಲು ನಿಂತಿತ್ತು. ನಾವೆಲ್ಲ ಕಂಪನಿಯ ಲಾಂಛನದ ನೀಲಿ ಮೇಲಂಗಿ ತೊಟ್ಟು, ಎರಡು ಬದಿಗೂ ನಿಂತು, ಮೊದಲ ಗಿರಾಕಿಗಳಿಗೆ ಬಗ್ಗಿ ನಮಸ್ಕರಿಸಿದೆವು. ವಿನ್ಯಾಸದವರು ಅಂಗಡಿಗೆ ಬರುವ ರೂಢಿಯಿಲ್ಲ. ಮಿನೊಬೆ ತಾವಾಗಿಯೇ ಕೇಳಿಕೊಂಡು ಬಂದಿದ್ದರು. ತಲೆಗೂದಲು ಕತ್ತರಿಸಿ, ಹೊಸ ಶೂ ಹಾಕಿಕೊಂಡು, ಮದುವೆಗೆ ಬಂದವರಂತೆ ಕಾಣುತ್ತಿದ್ದರು.

“ಯಾರಿಗೆ ಈ ಅಲಂಕಾರ?” ಎಂದು ಕುಜುಮಿ ಅವರ ಬೆನ್ನು ತಟ್ಟಿದ. ಮಿನೊಬೆ ಸುಮ್ಮನೆ ನಕ್ಕರು.

ಆಡಿ ನೋಡಲು ಯಂತ್ರಗಳನ್ನು ಇಟ್ಟಿದ್ದ ತಗ್ಗು ಮೇಜಿನ ಪಕ್ಕದಲ್ಲಿ ಅವರು ಕುಕ್ಕರುಗಾಲಿನಲ್ಲಿ ಕೂತೇ ಇದ್ದರು. ಬರುವ ಪ್ರತಿ ಹುಡುಗಿಯ ಮುಖಕ್ಕೆ ಮುಖ ಕೊಟ್ಟು, ಹಿಡಿಕೆ ಕೈಗಿಟ್ಟು, “ಎಡಗೈಲೂ ಆಡಬಹುದು ಪುಟ್ಟಾ,” ಎನ್ನುತ್ತಿದ್ದರು. ಎಡಗೈ ಚಾಚಿದ ಮಗು ಬಂದರೆ ಅವರ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ತಾಯಿಯೋ ಅಜ್ಜಿಯೋ ಆ ಮಗುವನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು. ನಾನು ಕಾಗದ ಸುತ್ತುವ ಕೌಂಟರಿನ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಹದಿನೈದು ಎಂದು ಅವರ ಬಾಯಿಂದಲೇ ಕೇಳಿದ್ದೆ. ಅವರ ಕಣ್ಣಿಗೆ ಮಾತ್ರ ಆ ಲೆಕ್ಕ ತಲುಪಿರಲೇ ಇಲ್ಲ.

ಊಟದ ಹೊತ್ತು ಕಳೆದ ಮೇಲೆ ಜನ ಸ್ವಲ್ಪ ಕಡಿಮೆಯಾದರು. ಆಗ ಶಾಲೆಯ ಕಡುನೀಲಿ ಕೋಟು ತೊಟ್ಟ ಒಬ್ಬಳು ಉದ್ದನೆಯ ಹುಡುಗಿ ಮೇಜಿನ ಹಿಂದೆ ನಿಂತಿರುವುದು ಕಂಡಿತು. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ದುಂಡನೆಯ ಕನ್ನಡಕ. ಎದುರಿಗೆ ಆಡುತ್ತಿದ್ದ ಪುಟ್ಟವಳು ಹಿಡಿಕೆ ತಿರುಗಿಸುವುದು ತಿಳಿಯದೆ ಒದ್ದಾಡುತ್ತಿದ್ದಾಗ, ಇವಳು ಬಗ್ಗಿ, ಏನೂ ಮಾತಾಡದೆ ತಿರುಗಿಸಿ ಕೊಟ್ಟಳು. ಮಿನೊಬೆ ಅದನ್ನು ಕಂಡು ಎದ್ದು ನಿಂತರು. ಅವರು ಇವಳ ಜೊತೆ ಆಡಿದ್ದು ಅಂಗಡಿಯವರ ಮಾತು, ಅತಿ ವಿನಯದ ಮಾತು.

“ದಯಮಾಡಿ ನೋಡಿ. ತಂಗಿಗೆ ತಗೊಳ್ತಿದ್ದೀರಾ?”

ಹುಡುಗಿ ಅವರ ಮುಖವನ್ನೇ ನೋಡಿದಳು. “ಹೂಂ,” ಎಂದಳು ಆಮೇಲೆ. “ತಂಗಿಗೆ.”

“ಎಷ್ಟು ವರ್ಷ ತಂಗಿಗೆ?”

“ಒಂಬತ್ತು.”

ಮಿನೊಬೆಯ ಮುಖ ಬೆಳಗಿತು. “ಹಾಗಾದ್ರೆ ಅವಳಿಗೋಸ್ಕರವೇ ಮಾಡಿದ್ದು ಇದು.”

“ಅವಳಿಗೆ ಇಷ್ಟ ಆಗುತ್ತೆ ಅಂತೀರಾ?”

“ಆಗುತ್ತೆ. ನನಗೆ ಚೆನ್ನಾಗಿ ಗೊತ್ತು.” ಹೀಗೆಂದು ಅವರು ಗಿರಾಕಿಗೆ ಸಲ್ಲಬೇಕಾದ ಹಾಗೆ, ಸೊಂಟದಿಂದ ಆಳವಾಗಿ ಬಗ್ಗಿದರು. ಅವರು ತಲೆ ತಗ್ಗಿಸಿದ್ದಷ್ಟು ಹೊತ್ತು ಆ ಹುಡುಗಿ ಅವರ ನೆತ್ತಿಯನ್ನು ನೋಡುತ್ತ ನಿಂತಿದ್ದಳು. ಅವರು ನೆಟ್ಟಗಾಗುವಷ್ಟರಲ್ಲಿ ಯಾವುದೋ ಮಗು ಅವರ ತೋಳು ಹಿಡಿದು ಎಳೆಯಿತು, ಅವರು ಮತ್ತೆ ಕುಕ್ಕರಿಸಿದರು.

ಹುಡುಗಿ ಒಂದು ಪೆಟ್ಟಿಗೆ ಎತ್ತಿಕೊಂಡು ನನ್ನ ಕೌಂಟರಿಗೆ ಬಂದಳು.

“ಉಡುಗೊರೆ ಕಾಗದ ಯಾವ ಬಣ್ಣದ್ದು ಹಾಕ್ಲಿ?” ಎಂದೆ.

“ಒಳಗಿರೋದನ್ನ ಒಂದ್ಸಲ ಹಿಡಿದು ನೋಡ್ಲಾ ಅಕ್ಕಾ?”

ಬೆಳಗಿನಿಂದ ಎಲ್ಲರಿಂದಲೂ ಆಂಟಿ ಎನ್ನಿಸಿಕೊಂಡಿದ್ದೆ. ಅಕ್ಕಾ ಎಂದವಳಿಗೆ ಇಲ್ಲವೆನ್ನಲಾಗಲಿಲ್ಲ. ಕೌಂಟರಿನ ಕೆಳಗಿದ್ದ ಮಾದರಿ ಹಿಡಿಕೆಯನ್ನು ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದಳು. ಬೆರಳುಗಳು ಒಂದರ ಮೇಲೊಂದು ಬಂದವು. ಹೆಬ್ಬೆರಳು ಗುಂಡಿಗಳನ್ನು ದಾಟಿ ಆಚೆ ಹೋಯಿತು. ತಿರುಗಿಸಿ ಹಿಡಿದಳು, ಸರಿಹೋಗಲಿಲ್ಲ. ಮತ್ತೆ ತಿರುಗಿಸಿದಳು.

“ಚಿಕ್ಕದು,” ಎಂದಳು.

“ತಂಗಿಗಲ್ವಾ? ಅವಳ ಕೈಗೆ ಸರಿಹೋಗುತ್ತೆ ಬಿಡು.”

“ನನಗೆ ತಂಗಿ ಇಲ್ಲ ಅಕ್ಕಾ.”

ಅವಳು ಹಿಡಿಕೆಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟಳು. ಅಳಲಿಲ್ಲ. ಮೂಗಿನ ಹೊಳ್ಳೆಗಳು ಅರಳಿದವು, ಒಂದು ಸಲ ಉದ್ದಕ್ಕೆ ಉಸಿರು ಎಳೆದುಕೊಂಡಳು. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು.

“ಚಿನಾಮಿ?” ಎಂದೆ.

ಅವಳು ಬೆಚ್ಚಲಿಲ್ಲ. ನನಗೆ ಹೇಗೆ ಗೊತ್ತೆಂದೂ ಕೇಳಲಿಲ್ಲ. ಹೌದೆಂದು ತಲೆ ಆಡಿಸಿದಳು.

“ಇರಮ್ಮ, ಕರೀತೀನಿ. ಒಂದೇ ಒಂದು ನಿಮಿಷ ಇರು.”

“ಬೇಡ ಅಕ್ಕಾ.”

“ಜನ ಜಾಸ್ತಿ ಕಣಮ್ಮ, ಗುರುತು ಸಿಗಲಿಲ್ಲ ಅಷ್ಟೇ. ನೀನು ಇಷ್ಟುದ್ದ ಬೆಳೆದಿದ್ದೀಯ, ಕೂದಲು ಬೇರೆ...”

“ಬೆಳಗ್ಗೆಯಿಂದ ಇಲ್ಲೇ ಇದೀನಿ,” ಎಂದಳು. “ಆ ಕಂಬದ ಹತ್ರ. ಎಲ್ಲ ಪುಟ್ಟ ಹುಡುಗೀರ ಮುಖಾನೂ ನೋಡಿದ್ರು. ಒಂದನ್ನೂ ಬಿಡಲಿಲ್ಲ. ಆಮೇಲೆ ನಾನೇ ಎದುರಿಗೆ ಹೋದೆ.” ಕನ್ನಡಕ ಸರಿಮಾಡಿಕೊಂಡು, “ಸ್ಟೇಷನ್ನಲ್ಲಿ ಪೋಸ್ಟರ್ ನೋಡಿದ ದಿನ ಎಷ್ಟು ಖುಷಿಯಾಗಿತ್ತು ಗೊತ್ತಾ? ಓದಿದ ತಕ್ಷಣ ಗೊತ್ತಾಯ್ತು. ಆಮೇಲೆ ದಿನಾ ಶಾಲೆಗೆ ಹೋಗ್ತಾ ಬರ್ತಾ ನೋಡಿ ನೋಡಿ, ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾಯ್ತು.”

“ಯಾರ ಮೇಲೆ?”

“ಆ ಒಂಬತ್ತು ವರ್ಷದವಳ ಮೇಲೆ. ಅಪ್ಪನ ಜೊತೆ ಇರೋದು ಅವಳೇ ಅಲ್ವಾ?”

ಹೇಳಬಾರದ ಮಾತೇ ಬಾಯಿಗೆ ಬಂತು. “ಎಡಗೈಯವಳಿಗೆ ಅಂತ ಎಷ್ಟು ಕಷ್ಟಪಟ್ಟರು ಗೊತ್ತಾ ನಿಮ್ಮಪ್ಪ?”

“ಈಗ ಬಲಗೈ ನಾನು. ಆ ಮನೇಲಿ ಅಭ್ಯಾಸ ಮಾಡಿಸಿದ್ರು.” ಅವಳು ಕೋಟಿನ ಗುಂಡಿಯನ್ನು ಬಲಗೈಯಿಂದ ಹಾಕಿಕೊಂಡಳು. “ನಾನು ಹೊರಡ್ತೀನಿ.”

“ಅವರಿಗೆ ಏನಂತ ಹೇಳ್ಲಿ?”

“ಹೇಳಿದ್ರೂ ಸರಿ, ಬಿಟ್ರೂ ಸರಿ. ನಿಮ್ಮಿಷ್ಟ.” ಅವಳು ನನಗೆ ಬಗ್ಗಿ ನಮಸ್ಕರಿಸಿ, ಎಸ್ಕಲೇಟರಿನ ಕಡೆ ನಡೆದಳು. ಇಳಿಯುವಾಗ ಹಿಂತಿರುಗಿ ನೋಡುತ್ತಾಳೆಂದು ಕಾದೆ. ನೋಡಲಿಲ್ಲ.

ನನಗೆ ಬಂದದ್ದು ಸಿಟ್ಟು. ಅಜ್ಜಿಯ ಮೇಲೆ, ಬಲಗೈ ಕಲಿಸಿದವರ ಮೇಲೆ, ಮುದ್ರೆ ಒತ್ತಿ ಒಳ್ಳೆಯವನೆನ್ನಿಸಿಕೊಂಡ ಈ ಮನುಷ್ಯನ ಮೇಲೆ. ಹೇಳದಿದ್ದರೆ ಅವರು ನಾಳೆ ಭಾನುವಾರವೂ ಬರುತ್ತಿದ್ದರು, ಹೊಸವರ್ಷದವರೆಗೂ ಬರುತ್ತಿದ್ದರು, ಕುಕ್ಕರುಗಾಲಿನಲ್ಲಿ ಕೂತು ಮಗಳಿಗಾಗಿ ಕಾಯುತ್ತಿದ್ದರು. ಹಾಗೆ ಕಾಯಿಸುವುದು ದಯೆ ಎಂದು ನನಗೆ ಅನ್ನಿಸಲಿಲ್ಲ. ಕತ್ತರಿ ಕೆಳಗಿಟ್ಟು ಅವರ ಹತ್ತಿರ ಹೋದೆ.

“ಮಿನೊಬೆಯವ್ರೇ, ಅವಳು ಬಂದಿದ್ದಳು.”

ಅವರು ಎದ್ದ ರಭಸಕ್ಕೆ ಮೇಜು ಅಲುಗಿತು. “ಎಲ್ಲಿ? ಯಾವಾಗ?”

“ಈಗಷ್ಟೇ. ನೀಲಿ ಕೋಟು. ತಂಗಿಗಾ ಅಂತ ಕೇಳಿದ್ರಲ್ಲ ನೀವು.”

ಮರುಕ್ಷಣ ಓಡಿದರು. ಆ ನೀಲಿ ಮೇಲಂಗಿಯಲ್ಲಿ, ಆ ಹೊಸ ಶೂಗಳಲ್ಲಿ, ಗಿರಾಕಿಗಳ ನಡುವೆ ತೂರಿಕೊಂಡು, ಇಳಿಯುವ ಮೆಟ್ಟಿಲುಗಳನ್ನು ತಾವೂ ಇಳಿಯುತ್ತ ಓಡಿದರು. ಕುಜುಮಿ “ಏನಾಯ್ತು ಇವರಿಗೆ?” ಎಂದ. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆಡಲು ಕಾದಿದ್ದ ಮಕ್ಕಳಿಗೆ ಅವರ ಬದಲು ನಾನೇ ಹಿಡಿಕೆ ಕೊಟ್ಟೆ.

ಅವರು ಮರಳಿ ಬಂದಾಗ ಒಬ್ಬರೇ ಇದ್ದರು. ಹಣೆ ಬೆವತಿತ್ತು. ನನ್ನ ಪಕ್ಕ ನಿಂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು.

“ಕೆಳಗೆ ಎಷ್ಟೊಂದು ಹುಡುಗೀರು,” ಎಂದರು. “ಎಲ್ಲರದ್ದೂ ನೀಲಿ ಕೋಟೇ. ಒಬ್ಬೊಬ್ಬಳ ಮುಖಾನೂ ನೋಡ್ದೆ ಉರಾನೊ ಅವ್ರೇ. ಆದ್ರೆ ಯಾವ ಮುಖ ಹುಡುಕಬೇಕು ಅಂತಾನೇ ನನಗೆ ಗೊತ್ತಾಗಲಿಲ್ಲ.”

ನಾನು ಕೈಲಿದ್ದ ಹಿಡಿಕೆಯನ್ನು ಮೇಜಿನ ಮೇಲಿಟ್ಟೆ.

“ಮಾತಾಡಿದ್ದೆ ಅಲ್ವಾ ಅವಳ ಜೊತೆ? ಎದುರಿಗೇ ನಿಂತಿದ್ದಳಲ್ವಾ?” ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಎಷ್ಟೆತ್ತರ ಆಗಿದ್ದಾಳೆ?”

ನಾನು ಕೈ ಎತ್ತಿದೆ. ಮೊದಲು ನನ್ನ ಕಿವಿಯ ಮಟ್ಟಕ್ಕೆ ಹಿಡಿದೆ. ಸರಿಯಾಗಲಿಲ್ಲ ಅನ್ನಿಸಿ, ನನ್ನ ತಲೆಗಿಂತ ಒಂದು ಬೆರಳು ಮೇಲಕ್ಕೆ ಹಿಡಿದೆ. ಮಿನೊಬೆ ಹತ್ತಿರ ಬಂದರು. ನನ್ನ ಅಂಗೈಯ ಕೆಳಗಿನ ಖಾಲಿ ಜಾಗವನ್ನು, ಅಲ್ಲಿ ಒಂದು ಮುಖ ಇದೆಯೆನ್ನುವ ಹಾಗೆ, ನೋಡುತ್ತ ನಿಂತರು. ನನ್ನ ತೋಳು ನೋಯುವವರೆಗೂ ನಾನು ಕೈ ಇಳಿಸಲಿಲ್ಲ.

ಮೇಜಿನ ಹತ್ತಿರ ಪುಟ್ಟ ಮಗಳ ಕೈ ಹಿಡಿದುಕೊಂಡಿದ್ದ ಒಬ್ಬ ತಾಯಿ ಸಣ್ಣಗೆ ಕೆಮ್ಮಿದಳು. ಮಿನೊಬೆ ಮೇಲಂಗಿಯನ್ನು ಸರಿಮಾಡಿಕೊಂಡು ಆಕೆಯ ಕಡೆ ತಿರುಗಿದರು. “ಬಹಳ ಹೊತ್ತು ಕಾಯಿಸಿಬಿಟ್ಟೆ,” ಎಂದರು, “ದಯವಿಟ್ಟು ಕ್ಷಮಿಸಿ.” ಹಾಗೆಂದು ಬಗ್ಗಿದವರು ತಲೆ ಎತ್ತಲೇ ಇಲ್ಲ. ಪರವಾಗಿಲ್ಲ, ಪರವಾಗಿಲ್ಲ ಎಂದು ಆ ತಾಯಿ ಎಷ್ಟು ಹೇಳಿದರೂ ಅವರು ಹಾಗೆಯೇ ಬಗ್ಗಿ ನಿಂತಿದ್ದರು.